ಟಿಕೆಟ್‌ಗೆ ಓಟ ಬೇಡ, ಚೀಟಿ ಎತ್ತಿ: ರಾಕ್ ಕೇಳುಗರ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಗೃಹ ಸಚಿವರಿಗೆ, ಬೆಂಗಳೂರು ನಗರ ಪೊಲೀಸ್ ಆಯುಕ್ತರಿಗೆ, ಈ ಊರಿಗೆ ದೊಡ್ಡ ಕಾನ್ಸರ್ಟ್‌ಗಳನ್ನು ಕರೆತರುವ ಆಯೋಜಕರಿಗೆ ಮತ್ತು ಟಿಕೆಟ್ ಮಾರುವ ಕಂಪನಿಗಳಿಗೆ,

ಮಾನ್ಯರೇ,

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ ರಾಕ್ ತಂಡ ಬ್ಲ್ಯಾಕ್ ಸ್ಯಾಬತ್‌ನ ಮೂಲ ನಾಲ್ವರೂ ಒಂದೇ ವೇದಿಕೆಗೆ ಬಂದರು. ಗಾಯಕ ಓಝಿ ಆಸ್ಬೋರ್ನ್ ಕಪ್ಪು ಸಿಂಹಾಸನದ ಮೇಲೆ ಕೂತೇ ಹಾಡಿದರು. ಹದಿನೇಳು ದಿನ ಕಳೆದು, ಜುಲೈ 22ರಂದು, ತೀರಿಕೊಂಡರು. ಆ ಸಂಜೆಗೆ ಟಿಕೆಟ್ ಸಿಕ್ಕವರಿಗೆ ಸಿಕ್ಕಿತು. ಸಿಗದವರಿಗೆ ‘ಮುಂದಿನ ಸಲ ನೋಡೋಣ’ ಎನ್ನಲು ಮುಂದಿನ ಸಲವೇ ಉಳಿಯಲಿಲ್ಲ. ಕ್ಲಾಸಿಕ್ ರಾಕ್ ಕೇಳುವವರೆಲ್ಲರ ಇವತ್ತಿನ ಪರಿಸ್ಥಿತಿ ಇದು. ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜ್ಯಾಗರ್, ಕೀತ್ ರಿಚರ್ಡ್ಸ್, ಬೀಟಲ್ಸ್ ತಂಡದಲ್ಲಿದ್ದ ಪಾಲ್ ಮೆಕಾರ್ಟ್ನಿ ಮೂವರೂ ಎಂಬತ್ತು ದಾಟಿದ್ದಾರೆ. 2003ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿ ಹೋದಂಥ ಊರು ಬೆಂಗಳೂರು. ಇಂಥ ತಂಡಗಳು ಇನ್ನೊಮ್ಮೆ ಬಂದರೆ ಟಿಕೆಟ್ ಯಾರಿಗೆ, ಯಾವ ದಾರಿಯಲ್ಲಿ ಸಿಗಬೇಕು ಎನ್ನುವುದನ್ನು ಈಗಲೇ ತೀರ್ಮಾನಿಸಿ ಎಂದು ಕೇಳುವುದಕ್ಕೆ ಈ ಪತ್ರ.

ನಮ್ಮ ಬೇಡಿಕೆ ಒಂದೇ. ಸೀಟಿಗಿಂತ ಜನ ಹೆಚ್ಚಾಗುವುದು ಖಚಿತವಾಗಿರುವ ಕಾನ್ಸರ್ಟ್‌ಗೆ ‘ಮೊದಲು ಬಂದವರಿಗೆ ಮೊದಲು’ ಎನ್ನುವ ಪದ್ಧತಿ ಬಿಡಿ. ವಾರಗಟ್ಟಲೆ ಹೆಸರು ನೋಂದಾಯಿಸಿಕೊಳ್ಳಿ, ಆಮೇಲೆ ಎಲ್ಲರಿಗೂ ಕಾಣುವಂತೆ ಚೀಟಿ ಎತ್ತಿ.

ಅದೃಷ್ಟಕ್ಕೆ ಬಿಡಬೇಡಿ ಎಂದು ಯಾರೂ ಕೇಳುತ್ತಿಲ್ಲ. ಮೂವತ್ತು ಸಾವಿರ ಜಾಗಕ್ಕೆ ಮೂರು ಲಕ್ಷ ಜನ ಬಂದರೆ ಯಾರಿಗಾದರೂ ನಿರಾಸೆ ಆಗಲೇಬೇಕು. ರಾಕ್ ಕೇಳುವವರಿಗೆ ಅದೃಷ್ಟವೇನೂ ಹೊಸದಲ್ಲ. 1959ರ ಫೆಬ್ರವರಿಯಲ್ಲಿ ಅಯೋವಾದ ಕ್ಲಿಯರ್ ಲೇಕ್‌ನಲ್ಲಿ ಶೋ ಮುಗಿದ ಮೇಲೆ ಪುಟ್ಟ ವಿಮಾನದ ಒಂದು ಸೀಟಿಗಾಗಿ ಗಿಟಾರ್ ವಾದಕ ಟಾಮಿ ಆಲ್ಸಪ್ ಮತ್ತು ಹದಿನೇಳರ ಹುಡುಗ ರಿಚೀ ವ್ಯಾಲೆನ್ಸ್ ನಾಣ್ಯ ಚಿಮ್ಮಿಸಿದರು. ಸೀಟು ಗೆದ್ದ ವ್ಯಾಲೆನ್ಸ್ ಗಾಯಕ ಬಡ್ಡಿ ಹಾಲಿ ಜತೆ ಆ ವಿಮಾನ ಅಪಘಾತದಲ್ಲಿ ತೀರಿಕೊಂಡ. ಸೋತ ಆಲ್ಸಪ್ ಇನ್ನೂ 57 ವರ್ಷ ಬದುಕಿದ. ಫಲ ಎಷ್ಟೇ ಕ್ರೂರವಾಗಿದ್ದರೂ ನಾಣ್ಯದಲ್ಲಿ ಮೋಸವಿತ್ತು ಎಂದು ಯಾರೂ ಹೇಳಿಲ್ಲ. ಇವತ್ತಿನ ಆನ್‌ಲೈನ್ ಟಿಕೆಟ್ ಮಾರಾಟದ ಬಗ್ಗೆ ಆ ಮಾತು ಹೇಳುವಂತಿಲ್ಲ.

ಏಕೆಂದರೆ ನೀವು ‘ಕ್ಯೂ’ ಎಂದು ಕರೆಯುವುದು ನಿಜವಾಗಿ ಕ್ಯೂ ಅಲ್ಲ. ಮಧ್ಯಾಹ್ನ 12ಕ್ಕೆ ಮಾರಾಟ ಎಂದರೆ 11:30ಕ್ಕೇ ಜನ ‘ವೇಟಿಂಗ್ ರೂಮ್’ ಪುಟಕ್ಕೆ ಬಂದು ಕೂರುತ್ತಾರೆ. ಬಹುತೇಕ ದೊಡ್ಡ ವ್ಯವಸ್ಥೆಗಳಲ್ಲಿ 12 ಹೊಡೆದ ಕ್ಷಣಕ್ಕೆ ಅಲ್ಲಿ ಕಾದಿರುವವರನ್ನೆಲ್ಲ ಕಂಪ್ಯೂಟರ್ ಕಲಸಿ, ತನಗೆ ತೋಚಿದ ಕ್ರಮದಲ್ಲಿ ಸಂಖ್ಯೆ ಕೊಡುತ್ತದೆ. 11:31ಕ್ಕೆ ಬಂದವರಿಗೆ 2,40,000ನೇ ನಂಬರು, 11:59ಕ್ಕೆ ಬಂದವರಿಗೆ 812 ಸಿಗಬಹುದು. ಅಂದರೆ ಚೀಟಿ ಎತ್ತುವುದು ಈಗಲೂ ನಡೆಯುತ್ತಿದೆ, ಹೇಳದೆ ನಡೆಯುತ್ತಿದೆ ಅಷ್ಟೇ. ಆ ಚೀಟಿ ಮನುಷ್ಯರ ಹೆಸರಿಗಲ್ಲ, ಬ್ರೌಸರ್‌ಗೆ ಸಿಗುತ್ತದೆ. ಒಂದು ಫೋನು, ಒಂದು ಲ್ಯಾಪ್‌ಟಾಪು, ಆಫೀಸಿನ ಇನ್ನೊಂದು ಕಂಪ್ಯೂಟರು ಇಟ್ಟುಕೊಂಡು ಕೂತವರಿಗೆ ಮೂರು ಚೀಟಿ. ಬಾಡಿಗೆ ಸರ್ವರ್‌ನಲ್ಲಿ ಐನೂರು ಬ್ರೌಸರ್ ಓಡಿಸುವ ದಂಧೆಯವನಿಗೆ ಐನೂರು ಚೀಟಿ. ಕಲಬುರಗಿಯ ಹಾಸ್ಟೆಲಿನಲ್ಲಿ ಒಂದು ಫೋನು ಹಿಡಿದು ಕೂತ ವಿದ್ಯಾರ್ಥಿಗೆ ಒಂದೇ ಒಂದು.

ಸಂಖ್ಯೆ ಚೆನ್ನಾಗಿ ಬಂದರೂ ಮುಗಿಯಲಿಲ್ಲ. ಸೀಟು ಆರಿಸಿದ ಮೇಲೆ ಹಣ ಕಟ್ಟಲು ಕೆಲವೇ ನಿಮಿಷ ಕೊಡುತ್ತಾರೆ. ಲಕ್ಷಾಂತರ ಜನ ಅದೇ ಹೊತ್ತಿಗೆ ಕಟ್ಟುವಾಗ ಒಟಿಪಿ ತಡವಾಗುತ್ತದೆ, ಯುಪಿಐ ‘ಪ್ರಕ್ರಿಯೆಯಲ್ಲಿದೆ’ ಎಂದು ನಿಂತುಬಿಡುತ್ತದೆ, ಗಡುವು ಮುಗಿದು ಸೀಟು ಬೇರೆಯವರ ಪಾಲಾಗುತ್ತದೆ. ಗಾಬರಿಯಲ್ಲಿ ಕುಕಿ (ಬ್ರೌಸರ್ ಇಟ್ಟುಕೊಳ್ಳುವ ಗುರುತಿನ ಕಡತ) ಅಳಿಸಿದರೆ ಅಥವಾ ಬ್ರೌಸರ್ ಬದಲಿಸಿದರೆ ಸಾಲಿನ ಜಾಗವೂ ಹೋಗುತ್ತದೆ. ಇದರಲ್ಲಿ ಯಾವುದೂ ಸಂಗೀತದ ಮೇಲಿನ ಪ್ರೀತಿಯನ್ನು ಅಳೆಯುವುದಿಲ್ಲ. ಅಳೆಯುವುದು ನೆಟ್‌ವರ್ಕ್, ಬಿಡುವು ಮತ್ತು ಬಳಿ ಇರುವ ಯಂತ್ರಗಳ ಸಂಖ್ಯೆಯನ್ನು. ಮಧ್ಯಾಹ್ನ ಪಾಳಿಯಲ್ಲಿರುವ ನರ್ಸ್, ಬಸ್ ಓಡಿಸುತ್ತಿರುವ ಚಾಲಕ, ಪಾಠ ಮಾಡುತ್ತಿರುವ ಮೇಷ್ಟ್ರು ಆಟ ಶುರುವಾಗುವ ಮೊದಲೇ ಹೊರಗೆ.

2024ರ ಸೆಪ್ಟೆಂಬರ್ 22ರಂದು ನವಿ ಮುಂಬೈನ ಕೋಲ್ಡ್‌ಪ್ಲೇ ಶೋಗಳಿಗೆ ಹೀಗೆಯೇ ಮಾರಾಟ ನಡೆದಾಗ ಕೋಟಿಗೂ ಮೀರಿ ಜನ ಮುಗಿಬಿದ್ದರು. ಮಾರಾಟ ಮುಗಿಯುವಷ್ಟರಲ್ಲೇ ಅದೇ ಟಿಕೆಟ್‌ಗಳು ಮರುಮಾರಾಟದ ತಾಣಗಳಲ್ಲಿ ಹಲವು ಪಟ್ಟು ಬೆಲೆಗೆ ಕಾಣಿಸಿಕೊಂಡವು. ಮುಂದಿನ ತಿಂಗಳು ಜಾರಿ ನಿರ್ದೇಶನಾಲಯ ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಶೋಧ ನಡೆಸಿತು. ಕಳ್ಳದಂಧೆ ನಡೆದ ಮೇಲೆ ಬೆನ್ನಟ್ಟುವುದು ಒಂದು ಕೆಲಸ. ಅದಕ್ಕೆ ಅವಕಾಶವೇ ಇಲ್ಲದಂತೆ ಮಾರಾಟ ಮಾಡುವುದು ಇನ್ನೊಂದು. ನಾವು ಕೇಳುತ್ತಿರುವುದು ಎರಡನೆಯದನ್ನು.

ಬೆಲೆ ಏರಿಸಿಬಿಟ್ಟರೆ ಕಾಳಸಂತೆ ತಾನಾಗಿ ಸಾಯುತ್ತದೆ ಎನ್ನುವ ವಾದವೂ ಇದೆ. ಬ್ರಿಟನ್ನಿನಲ್ಲಿ 2024ರ ಆಗಸ್ಟ್ 31ರಂದು ಓಯಸಿಸ್ ರಾಕ್ ತಂಡದ ಟಿಕೆಟ್ ಮಾರಾಟವಾದಾಗ ಸುಮಾರು 148 ಪೌಂಡ್‌ನ ಸ್ಟ್ಯಾಂಡಿಂಗ್ (ನಿಂತು ನೋಡುವ) ಟಿಕೆಟ್ 355 ಪೌಂಡ್‌ವರೆಗೂ ಹೋಯಿತು. ಗಂಟೆಗಟ್ಟಲೆ ಸಾಲಿನಲ್ಲಿದ್ದವರಿಗೆ ತಾವು ಕೊಡಬೇಕಾದ ಬೆಲೆ ತಿಳಿದದ್ದು ಕೊನೆಯ ಪುಟದಲ್ಲಿ. ಅಲ್ಲಿನ ಸ್ಪರ್ಧಾ ನಿಯಂತ್ರಣ ಪ್ರಾಧಿಕಾರ ತನಿಖೆಗೆ ಇಳಿಯಿತು. ದುಡ್ಡೇ ದೊಡ್ಡಪ್ಪ ಎಂದಾದಾಗ ಕಾಳಸಂತೆಯವನ ಲಾಭ ಕಂಪನಿಗೆ ಹೋಗುತ್ತದೆಯೇ ಹೊರತು ಕೇಳುಗನ ಕಷ್ಟ ಕಡಿಮೆಯಾಗುವುದಿಲ್ಲ. ಗಮನಿಸಬೇಕಾದ್ದೆಂದರೆ, ಅಷ್ಟೆಲ್ಲ ಗಲಾಟೆಯಾದ ಮೇಲೆ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಸೇರಿಸಿದ ಹೆಚ್ಚುವರಿ ಶೋಗಳಿಗೆ ಅದೇ ತಂಡ ಆರಿಸಿಕೊಂಡದ್ದು ಚೀಟಿ ಎತ್ತುವ ದಾರಿಯನ್ನೇ. ಮೊದಲ ಸಲ ಸಿಗದವರಿಂದ ಹೆಸರು ಪಡೆದು, ಆಯ್ಕೆಯಾದವರಿಗೆ ಮಾತ್ರ ಕೊಳ್ಳುವ ಆಹ್ವಾನ ಕಳಿಸಿದರು.

ಈ ದಾರಿ ಹೊಸದೇನಲ್ಲ. ವಿಂಬಲ್ಡನ್ ಟೆನಿಸ್‌ನಲ್ಲಿ 1924ರಿಂದಲೂ ಸಾರ್ವಜನಿಕರಿಗೆ ಚೀಟಿ ಎತ್ತಿ ಟಿಕೆಟ್ ಹಂಚುತ್ತಿದ್ದಾರೆ. ರಾಕ್‌ನಲ್ಲಿ ಅತಿ ದೊಡ್ಡ ಉದಾಹರಣೆ 2007ರ ಡಿಸೆಂಬರ್ 10ರಂದು ಲಂಡನ್ನಿನ ಓ2 ಅಖಾಡದಲ್ಲಿ ನಡೆದ ಲೆಡ್ ಝೆಪೆಲಿನ್ ತಂಡದ ಪುನರ್ಮಿಲನದ ಕಾನ್ಸರ್ಟ್. ಜಾಗ ಇಪ್ಪತ್ತು ಸಾವಿರದ ಆಸುಪಾಸು, ಬಂದ ಕೋರಿಕೆ ಎರಡು ಕೋಟಿ. ಗಿನ್ನೆಸ್ ದಾಖಲೆಯಲ್ಲಿ ಆ ಸಂಖ್ಯೆ ಈಗಲೂ ಇದೆ. ಟಿಕೆಟ್ ಬೆಲೆ ಎಲ್ಲರಿಗೂ 125 ಪೌಂಡ್, ಆಯ್ಕೆಯಾದವರಿಗೆ ತಲಾ ಎರಡು. ಕೊಂಡವರೇ ಗುರುತಿನ ಚೀಟಿ ಮತ್ತು ಹಣ ಕಟ್ಟಿದ ಕಾರ್ಡ್ ಹಿಡಿದು ಬಂದು ಕೈಗೆ ಪಟ್ಟಿ ಹಾಕಿಸಿಕೊಳ್ಳಬೇಕಿತ್ತು. ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಬೆರಳು ಮುರಿದುಕೊಂಡು ಶೋ ನವೆಂಬರ್ 26ರಿಂದ ಎರಡು ವಾರ ಮುಂದಕ್ಕೆ ಹೋದರೂ ಪಟ್ಟಿಯಲ್ಲಿ ಹೆಸರಿದ್ದವರ ಜಾಗ ಹೋಗಲಿಲ್ಲ. ಎರಡು ಕೋಟಿ ಕೋರಿಕೆಯನ್ನು ‘ಮೊದಲು ಬಂದವರಿಗೆ’ ಎಂದು ಮಾರಿದ್ದರೆ ಆ ಸರ್ವರ್‌ಗಳ ಗತಿ ಏನಾಗುತ್ತಿತ್ತು ಎಂದು ನಿಮ್ಮ ತಂತ್ರಜ್ಞರನ್ನೇ ಕೇಳಿ.

ಇದಕ್ಕಿಂತ ಹಳೆಯದು, ನಮಗೆ ಬಲು ಇಷ್ಟವಾದದ್ದು, ಗ್ರೇಟ್‌ಫುಲ್ ಡೆಡ್ ತಂಡ 1983ರಲ್ಲಿ ತಾನೇ ಶುರುಮಾಡಿದ ಅಂಚೆ ಟಿಕೆಟ್ ವ್ಯವಸ್ಥೆ. ಮೂರಿಂಚು ಅಗಲ, ಐದಿಂಚು ಉದ್ದದ ಒಂದು ಕಾರ್ಡಿನ ಮೇಲೆ ಹೆಸರು, ವಿಳಾಸ, ಯಾವ ದಿನದ ಶೋ, ಎಷ್ಟು ಟಿಕೆಟ್ ಎಂದು ಬರೆಯಬೇಕು. ಅದರ ಜತೆ ಸರಿಯಾದ ಮೊತ್ತದ ಮನಿ ಆರ್ಡರ್, ಸ್ಟ್ಯಾಂಪ್ ಅಂಟಿಸಿದ ಸ್ವವಿಳಾಸದ ಲಕೋಟೆ ಇಡಬೇಕು. ಅಂಚೆ ಮುದ್ರೆಯ ತಾರೀಖು ಹೇಳಿದ ದಿನಕ್ಕಿಂತ ಮುಂಚಿನದಾಗಿದ್ದರೆ ಅರ್ಜಿ ತಿರಸ್ಕೃತ. ಲಕೋಟೆಯ ಹೊರಗೆ ಜನ ಬಣ್ಣದ ಪೆನ್ಸಿಲ್ಲಿನಲ್ಲಿ ಗುಲಾಬಿ, ತಲೆಬುರುಡೆ ಬರೆದು ಕಳಿಸುತ್ತಿದ್ದರು. ಅಂಚೆ ಮುದ್ರೆಯ ಆ ನಿಯಮದ ಬುದ್ಧಿವಂತಿಕೆ ನೋಡಿ: ದೂರದ ಹಳ್ಳಿಯಿಂದ ಹಾಕಿದ ಪತ್ರಕ್ಕೂ ಪಕ್ಕದ ಬೀದಿಯಿಂದ ಹಾಕಿದ ಪತ್ರಕ್ಕೂ ಒಂದೇ ಬೆಲೆ. ಬೇಗ ತಲುಪುವುದರಿಂದ ಲಾಭವಿಲ್ಲ.

ನಮ್ಮ ದೇಶಕ್ಕೂ ಇದು ಪರಕೀಯವಲ್ಲ. ಐಪಿಒಗೆ (ಕಂಪನಿ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವುದಕ್ಕೆ) ಸಣ್ಣ ಹೂಡಿಕೆದಾರರ ಅರ್ಜಿ ಮಿತಿಮೀರಿ ಬಂದರೆ ಲಾಟರಿ ಮೂಲಕವೇ ಒಂದೊಂದು ಲಾಟ್ (ಷೇರುಗಳ ಕನಿಷ್ಠ ಕಂತೆ) ಹಂಚುತ್ತಾರೆ. ಒಂದು ಪ್ಯಾನ್‌ಗೆ ಒಂದೇ ಅರ್ಜಿ, ಎರಡು ಹಾಕಿದರೆ ತಿರಸ್ಕಾರ. ಹಣ ಖಾತೆಯಲ್ಲೇ ತಡೆಹಿಡಿದಿರುತ್ತದೆ, ಷೇರು ಸಿಕ್ಕರೆ ಮಾತ್ರ ಕಡಿತ. ಕೈಲಾಸ ಮಾನಸ ಸರೋವರ ಯಾತ್ರಿಕರನ್ನು ವಿದೇಶಾಂಗ ಸಚಿವಾಲಯ ಕಂಪ್ಯೂಟರ್ ಲಾಟರಿಯಲ್ಲಿ ಆರಿಸುತ್ತದೆ. ಕರ್ನಾಟಕದಲ್ಲೇ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಶಾಲಾ ಸೀಟುಗಳನ್ನು ಆನ್‌ಲೈನ್ ಲಾಟರಿಯಲ್ಲಿ ಹಂಚಿದ್ದೇವೆ. ಮಕ್ಕಳ ಶಾಲೆಗೆ ಒಪ್ಪಿಕೊಂಡ ಪದ್ಧತಿ ಗಿಟಾರ್ ಕೇಳುವುದಕ್ಕೆ ಒಗ್ಗದೇ?

ಹೇಗೆ ಮಾಡಬೇಕು ಎನ್ನುವುದನ್ನು ಬಿಡಿಸಿ ಹೇಳುತ್ತೇವೆ, ಏಕೆಂದರೆ ಚೀಟಿ ಎತ್ತುವುದನ್ನೂ ಕೆಡಿಸಬಹುದು.

ನೋಂದಣಿ ಕನಿಷ್ಠ ಏಳು ದಿನ ತೆರೆದಿರಲಿ. ಮೊದಲ ದಿನ ಬಂದವರಿಗೂ ಏಳನೇ ದಿನ ಬಂದವರಿಗೂ ಸಮಾನ ಅವಕಾಶ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ನೋಂದಣಿಗೆ ಒಂದು ರೂಪಾಯಿಯನ್ನೂ ಪಡೆಯಬಾರದು. ಕರ್ನಾಟಕ 2007ರಲ್ಲೇ ಲಾಟರಿ ನಿಷೇಧಿಸಿದೆ. ದುಡ್ಡು ಕಟ್ಟಿಸಿಕೊಂಡು ಅದೃಷ್ಟ ಮಾರುವುದರ ನೆರಳೂ ಇದರ ಮೇಲೆ ಬೀಳಬಾರದು. ಒಂದು ಅರ್ಜಿಯಲ್ಲಿ ಹೆಚ್ಚೆಂದರೆ ನಾಲ್ಕು ಜನ, ನಾಲ್ವರ ಹೆಸರು ಮತ್ತು ಗುರುತಿನ ಸಂಖ್ಯೆಯನ್ನು ನೋಂದಾಯಿಸುವಾಗಲೇ ಕೊಡಬೇಕು. ಒಬ್ಬರ ಹೆಸರು ಒಂದೇ ಅರ್ಜಿಯಲ್ಲಿರಬೇಕು.

ಈ ಕೊನೆಯ ನಿಯಮ ಸಡಿಲಾದರೆ ಉಳಿದದ್ದೆಲ್ಲ ವ್ಯರ್ಥ. ಲೆಕ್ಕ ಹೀಗಿದೆ. ಒಂದೂವರೆ ಲಕ್ಷ ಅರ್ಜಿಯಲ್ಲಿ 15,000 ಅರ್ಜಿಗೆ ಟಿಕೆಟ್ ಸಿಗುತ್ತದೆ ಎಂದಿಟ್ಟುಕೊಳ್ಳಿ. ಒಂದು ಅರ್ಜಿ ಹಾಕಿದವರಿಗೆ ಹತ್ತರಲ್ಲಿ ಒಂದು ಅವಕಾಶ. ಬೇರೆ ಬೇರೆ ಇಮೇಲ್ ಕೊಟ್ಟು ಹತ್ತು ಅರ್ಜಿ ತೂರಿಸಿದವನಿಗೆ ಕನಿಷ್ಠ ಒಂದಾದರೂ ಸಿಗುವ ಸಾಧ್ಯತೆ ಶೇ 65. ಇಮೇಲ್ ಮತ್ತು ಮೊಬೈಲ್ ನಂಬರು ಸಾಲವು, ಸಿಮ್ ಕಾರ್ಡ್ ಯಾರು ಬೇಕಾದರೂ ಹಲವು ಇಟ್ಟುಕೊಳ್ಳಬಹುದು. ಸರ್ಕಾರಿ ಗುರುತಿನ ಚೀಟಿಯ ಸಂಖ್ಯೆಗೇ ಅರ್ಜಿಯನ್ನು ಕಟ್ಟಬೇಕು. ಆ ಸಂಖ್ಯೆಯನ್ನು ಹಾಗೇ ಕೂಡಿಡಬೇಕಿಲ್ಲ. ರಹಸ್ಯ ಕೀಲಿ ಸೇರಿಸಿ ಗೂಢಸಂಕೇತವಾಗಿಸಿ ಇಟ್ಟರೂ ಎರಡನೇ ಅರ್ಜಿ ಸಿಕ್ಕಿಬೀಳುತ್ತದೆ. ಶೋ ಮುಗಿದು ಮೂವತ್ತು ದಿನಕ್ಕೆ ಎಲ್ಲವನ್ನೂ ಅಳಿಸುವುದಾಗಿ ಬರೆದುಕೊಡಿ.

ಇನ್ನು ಚೀಟಿ ಎತ್ತುವ ಘಳಿಗೆ. ಇದರಲ್ಲಿ ಎಡವಿದ ಪ್ರಸಿದ್ಧ ಪ್ರಸಂಗ ರಾಕ್‌ನ ಕಾಲದ್ದೇ. ವಿಯೆಟ್ನಾಂ ಯುದ್ಧಕ್ಕೆ ಯಾರನ್ನು ಮೊದಲು ಕರೆಯಬೇಕೆಂದು 1969ರ ಡಿಸೆಂಬರ್ 1ರಂದು ಅಮೆರಿಕ ಸರ್ಕಾರ ಟಿವಿ ಕ್ಯಾಮೆರಾಗಳ ಮುಂದೆ ಚೀಟಿ ಎತ್ತಿತು. ವರ್ಷದ 366 ಹುಟ್ಟುದಿನಗಳನ್ನು ಒಂದೊಂದು ನೀಲಿ ಪ್ಲಾಸ್ಟಿಕ್ ಗುಳಿಗೆಯಲ್ಲಿ ಹಾಕಿದ್ದರು. ಮೊದಲು ಕೈಗೆ ಬಂದ ದಿನಕ್ಕೆ ಕ್ರಮಾಂಕ ಒಂದು, ಆ ದಿನ ಹುಟ್ಟಿದವರಿಗೆ ಮೊದಲ ಕರೆ. ಆದರೆ ಗುಳಿಗೆಗಳನ್ನು ಜನವರಿಯಿಂದ ಶುರುಮಾಡಿ ತಿಂಗಳ ಕ್ರಮದಲ್ಲೇ ಪೆಟ್ಟಿಗೆಗೆ ಸುರಿದಿದ್ದರು, ಕಲಸಿದ್ದು ಸಾಲಲಿಲ್ಲ. ಗಾಜಿನ ಪಾತ್ರೆಗೆ ಬಗ್ಗಿಸಿದಾಗ ವರ್ಷದ ಕೊನೆಯ ತಿಂಗಳುಗಳು ಮೇಲಕ್ಕೇ ಉಳಿದವು. ಸರಿಯಾಗಿ ಕಲಸಿದ್ದರೆ ಪ್ರತಿ ತಿಂಗಳ ಸರಾಸರಿ ಕ್ರಮಾಂಕ 183ರ ಹತ್ತಿರ ಬರಬೇಕಿತ್ತು. ಜನವರಿಯದ್ದು 201ರ ಆಸುಪಾಸು ಬಂತು, ಡಿಸೆಂಬರ್‌ನದ್ದು 121. ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗರು ಹುಟ್ಟಿದ ತಪ್ಪಿಗೆ ಮೊದಲು ಕರೆಸಿಕೊಂಡರು. ಮುಂದಿನ ವರ್ಷ ಎರಡು ಪೀಪಾಯಿಗಳನ್ನಿಟ್ಟು, ತಾರೀಖು ಒಂದರಿಂದ, ಕ್ರಮಾಂಕ ಇನ್ನೊಂದರಿಂದ ಎತ್ತಿ ತಿದ್ದಿಕೊಂಡರು. ಎಲ್ಲರೆದುರು ಎತ್ತಿದ ಮಾತ್ರಕ್ಕೆ ಚೀಟಿ ನ್ಯಾಯವಾಗುವುದಿಲ್ಲ. ಹೊರಗಿನವರು ಲೆಕ್ಕ ಹಾಕಿ ಪರೀಕ್ಷಿಸುವಂತಿರಬೇಕು.

ಕಂಪ್ಯೂಟರ್‌ನಲ್ಲಿ ಇದು ಸುಲಭ. ನೋಂದಣಿ ಮುಗಿದ ಕೂಡಲೇ ಪ್ರತಿ ಅರ್ಜಿಗೂ ಒಂದು ಕ್ರಮಸಂಖ್ಯೆ ಕೊಟ್ಟು, ಹೆಸರಿಲ್ಲದ ಆ ಪಟ್ಟಿಯನ್ನು ಅದರ ಎಸ್‌ಎಚ್‌ಎ-256 ಮುದ್ರೆಯ (ಪಟ್ಟಿಯ ಅಕ್ಷರಗಳಿಂದ ಲೆಕ್ಕ ಹಾಕಿ ಪಡೆಯುವ ಗುರುತು) ಜತೆ ಪ್ರಕಟಿಸಿ. ಪಟ್ಟಿಯಲ್ಲಿ ಒಂದಕ್ಷರ ಬದಲಾದರೂ ಆ ಮುದ್ರೆ ಬದಲಾಗುತ್ತದೆ, ಆಮೇಲೆ ಯಾರ ಹೆಸರನ್ನೂ ತೂರಿಸಲಾಗದು. ಬಳಸುವ ಪ್ರೋಗ್ರಾಮನ್ನೂ ಅವತ್ತೇ ಪ್ರಕಟಿಸಿ. ಕಲಸಲು ಬೇಕಾದ ಬೀಜಸಂಖ್ಯೆಯನ್ನು (ಪ್ರೋಗ್ರಾಮ್ ಕಲಸುವ ಕ್ರಮವನ್ನು ನಿರ್ಧರಿಸುವ ಅಂಕಿ) ಯಾರ ಕೈಯಲ್ಲೂ ಇಲ್ಲದ ಕಡೆಯಿಂದ ತನ್ನಿ. ಮರುದಿನ ಷೇರುಪೇಟೆಯ ನಿಫ್ಟಿ ಸೂಚ್ಯಂಕ ಮುಕ್ತಾಯವಾಗುವ ಅಂಕಿಯೇ ಬೀಜ ಎಂದು ಮುಂಚಿತವಾಗಿ ಘೋಷಿಸಿದರೆ ಸಾಕು. ಆಗ ರಾಯಚೂರಿನಲ್ಲಿ ಕೂತ ಎಂಜಿನಿಯರಿಂಗ್ ವಿದ್ಯಾರ್ಥಿಯೂ ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಪ್ರೋಗ್ರಾಮ್ ಓಡಿಸಿ ಅದೇ ಫಲಿತಾಂಶ ಬಂತೇ ಎಂದು ನೋಡಿಕೊಳ್ಳಬಹುದು.

ಗೆದ್ದವರ ಪಟ್ಟಿ ಮಾತ್ರ ಸಾಲದು, ಎಲ್ಲ ಅರ್ಜಿಗಳನ್ನೂ ಒಂದರಿಂದ ಕೊನೆಯವರೆಗೆ ಕ್ರಮದಲ್ಲಿಡಬೇಕು. ಆಯ್ಕೆಯಾದವರಿಗೆ ಹಣ ಕಟ್ಟಲು 48 ಗಂಟೆ ಕೊಡಿ. ಕಟ್ಟದವರ ಜಾಗ ಕ್ರಮದಲ್ಲಿ ಮುಂದಿನವರಿಗೆ ಹೋಗಲಿ. ಮೂರು ಸೀಟು ಉಳಿದು ಮುಂದಿನ ಅರ್ಜಿ ನಾಲ್ವರದಾಗಿದ್ದರೆ ಏನು ಎನ್ನುವ ಪ್ರಶ್ನೆ ಖಂಡಿತ ಬರುತ್ತದೆ. ಅವರಿಗೆ ಮೂರನ್ನು ಕೊಡುವುದೋ, ದಾಟಿ ಮುಂದೆ ಹೋಗುವುದೋ ಎನ್ನುವುದನ್ನು ಮೊದಲೇ ಬರೆದಿಡಿ. ಆ ಹೊತ್ತಿಗೆ ತೀರ್ಮಾನಿಸಿದರೆ ಯಾರಿಗೋ ಅನುಕೂಲ ಮಾಡಿಕೊಟ್ಟ ಹಾಗೆಯೇ ಕಾಣುತ್ತದೆ. ಬೆಲೆ ತೆರಿಗೆ, ಬುಕಿಂಗ್ ಶುಲ್ಕ ಎಲ್ಲ ಸೇರಿ ಒಂದೇ ಅಂಕಿಯಲ್ಲಿ ನೋಂದಣಿಯ ದಿನವೇ ಕಾಣಬೇಕು. ಕೊನೆಯ ಪುಟದಲ್ಲಿ ಶುಲ್ಕ ಸೇರಿಸುವುದು, ‘ಎರಡೇ ಸೀಟು ಉಳಿದಿದೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು 2023ರ ಕೇಂದ್ರ ಗ್ರಾಹಕ ರಕ್ಷಣಾ ಮಾರ್ಗಸೂಚಿಯ ಪ್ರಕಾರ ಈಗಾಗಲೇ ತಪ್ಪು.

ಫಲಿತಾಂಶ ಶೋಗೆ ಕನಿಷ್ಠ 65 ದಿನ ಮೊದಲು ಬರಲಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಬೀದರ್, ಬೆಳಗಾವಿ, ಮಂಗಳೂರಿನವರಿಗೆ ಕಾನ್ಸರ್ಟ್ ಟಿಕೆಟ್ ಸಿಕ್ಕ ಮೇಲೆ ರೈಲಿನ ಸೀಟೂ ಸಿಗಬೇಕಲ್ಲ. ಬೆಂಗಳೂರಿನಲ್ಲಿ ಕೂತು ಯೋಜಿಸುವವರಿಗೆ ಇದು ಹೊಳೆಯುವುದೇ ಇಲ್ಲ.

ಹೆಸರಿಗೆ ಕಟ್ಟಿದ ಟಿಕೆಟ್ಟಿಗೆ ವಾಪಸಾತಿಯ ಬಾಗಿಲು ಇಲ್ಲದಿದ್ದರೆ ಅದೂ ಅನ್ಯಾಯವೇ. ಜ್ವರ ಬರುತ್ತದೆ, ಮನೆಯಲ್ಲಿ ಸಾವು ಸಂಭವಿಸುತ್ತದೆ. ಶೋಗೆ 72 ಗಂಟೆ ಮೊದಲಿನವರೆಗೂ ಟಿಕೆಟ್ ವಾಪಸ್ ಕೊಟ್ಟು ಪೂರ್ತಿ ಹಣ ಪಡೆಯುವಂತಿರಲಿ, ಆ ಟಿಕೆಟ್ ಅದೇ ಬೆಲೆಗೆ ಕಾಯುವ ಪಟ್ಟಿಯ ಮುಂದಿನವರಿಗೆ ಹೋಗಲಿ. ಗ್ಲ್ಯಾಸ್ಟನ್‌ಬರಿ ಉತ್ಸವದಲ್ಲಿ 2007ರಿಂದಲೇ ಭಾವಚಿತ್ರ ಸಹಿತ ನೋಂದಣಿ ಇದೆ, ಟಿಕೆಟ್ ಬೇರೆಯವರಿಗೆ ದಾಟಿಸುವಂತಿಲ್ಲ, ವಾಪಸ್ ಬಂದದ್ದನ್ನು ಉತ್ಸವದವರೇ ಮತ್ತೆ ಮಾರುತ್ತಾರೆ. 2023ರಲ್ಲಿ ದಿ ಕ್ಯೂರ್ ತಂಡ ಅಮೆರಿಕದಲ್ಲಿ ಇದನ್ನೇ ಮಾಡಲು ಹೋದಾಗ ನ್ಯೂಯಾರ್ಕ್, ಇಲಿನಾಯ್, ಕೊಲೊರಾಡೊ ರಾಜ್ಯಗಳ ಕಾನೂನೇ ಅಡ್ಡ ಬಂತು. ಅಲ್ಲಿ ಟಿಕೆಟ್ ವರ್ಗಾವಣೆಗೆ ತಡೆ ಒಡ್ಡುವಂತಿಲ್ಲ. ಪರ್ಲ್ ಜ್ಯಾಮ್ ತಂಡ 1994ರಲ್ಲಿ ಟಿಕೆಟ್ ಕಂಪನಿಯ ಏಕಸ್ವಾಮ್ಯದ ವಿರುದ್ಧ ಅಮೆರಿಕದ ನ್ಯಾಯ ಇಲಾಖೆಗೆ ದೂರು ಕೊಟ್ಟು, ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದರೂ ಮರುವರ್ಷ ತನಿಖೆ ಮುಚ್ಚಿಹೋಯಿತು. ಅಷ್ಟು ದೊಡ್ಡ ತಂಡದಿಂದಲೇ ಆಗದ್ದು ಕೇಳುಗರಿಂದ ಆಗುವುದಿಲ್ಲ. ಅದಕ್ಕೇ ಈ ಪತ್ರ ಮೊದಲು ಸರ್ಕಾರಕ್ಕೆ.

ಗೃಹ ಸಚಿವರಿಗೆ, ಪೊಲೀಸ್ ಆಯುಕ್ತರಿಗೆ ಬೇರೆಯಾಗಿ ಹೇಳಬೇಕಾದದ್ದಿದೆ. ಟಿಕೆಟ್ ಪದ್ಧತಿ ಗೇಟಿನ ಹೊರಗಿನ ಜೀವಗಳ ಪ್ರಶ್ನೆಯೂ ಹೌದು. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ದಿ ಹೂ ತಂಡದ ಕಾನ್ಸರ್ಟ್ ಇತ್ತು. ಹದಿನೆಂಟು ಸಾವಿರಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿದ್ದವು, ಬಹುಪಾಲಿನ ಮೇಲೆ ಸೀಟ್ ನಂಬರ್ ಇರಲಿಲ್ಲ. ಮೊದಲು ಒಳಹೊಕ್ಕವರಿಗೆ ಮುಂದಿನ ಜಾಗ. ಚಳಿಯಲ್ಲಿ ಗಂಟೆಗಟ್ಟಲೆ ಕಾದ ಜನಕ್ಕೆ ಒಳಗಿನಿಂದ ಸದ್ದು ಕೇಳಿ ಶೋ ಶುರುವಾಯಿತೆನ್ನಿಸಿತು. ತೆರೆದದ್ದು ಕೆಲವೇ ಬಾಗಿಲು. ಹನ್ನೊಂದು ಮಂದಿ ಉಸಿರುಗಟ್ಟಿ ಸತ್ತರು. ಒಳಗಿದ್ದ ತಂಡಕ್ಕೆ ಇದು ತಿಳಿದದ್ದು ಶೋ ಮುಗಿದ ಮೇಲೆ.

2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ ಸತ್ತವರೂ ಹನ್ನೊಂದು ಮಂದಿ. ಸುಮಾರು 35,000 ಜನ ಹಿಡಿಸುವ ಕ್ರೀಡಾಂಗಣದ ಹೊರಗೆ ಲಕ್ಷಗಟ್ಟಲೆ ಜನ ಸೇರಿದ್ದರು. ಯಾರಿಗೆ ಪ್ರವೇಶವಿದೆ, ಯಾರಿಗಿಲ್ಲ ಎನ್ನುವುದೇ ಜನರಿಗೆ ಸ್ಪಷ್ಟವಿರಲಿಲ್ಲ. ಆ ಹನ್ನೊಂದು ಮನೆಗಳ ದುಃಖವನ್ನು ನಮ್ಮ ವಾದಕ್ಕೆ ಬಳಸಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಆದರೆ ಮನೆಯಿಂದ ಹೊರಡುವ ಮೊದಲೇ ‘ನನಗೆ ಜಾಗವಿದೆ’ ಅಥವಾ ‘ಇಲ್ಲ’ ಎಂಬುದು ಖಚಿತವಾಗಿದ್ದರೆ ಗೇಟಿನ ಮೇಲಿನ ಒತ್ತಡ ಇಳಿಯುತ್ತದೆ. ಆ ದುರಂತದ ನಂತರ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆ ಸಿದ್ಧಪಡಿಸಿತು. ಅದರ ನಿಯಮಾವಳಿಯಲ್ಲಿ ಟಿಕೆಟ್ ಹಂಚಿಕೆಗೂ ಒಂದು ಅಧ್ಯಾಯವಿರಲಿ.

ಗೇಟಿನ ಲೆಕ್ಕವನ್ನೂ ಅದರಲ್ಲಿ ಸೇರಿಸಿ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿ ಒಂದು ತಿರುಗುಗೇಟಿನಲ್ಲಿ ಗಂಟೆಗೆ ಹೆಚ್ಚೆಂದರೆ 660 ಜನ ಎಂದು ಲೆಕ್ಕ ಹಿಡಿಯುತ್ತದೆ. ಬ್ಯಾಗ್ ತಪಾಸಣೆ, ಗುರುತಿನ ಚೀಟಿ ಸೇರಿ ಒಬ್ಬರಿಗೆ ಹತ್ತು ಸೆಕೆಂಡ್ ಹಿಡಿದರೆ ಒಂದು ಸಾಲಿನಲ್ಲಿ ಗಂಟೆಗೆ 360. ಮೂವತ್ತು ಸಾವಿರ ಜನ ಮೂರು ಗಂಟೆಯಲ್ಲಿ ಒಳಬರಬೇಕೆಂದರೆ 28 ಸಾಲು ಬೇಕು. ಎಂಟೇ ಸಾಲು ಇಟ್ಟರೆ ಹತ್ತು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಂದರೆ ಶೋ ಶುರುವಾದಾಗ ಸಾವಿರಾರು ಜನ ಹೊರಗೇ ಇರುತ್ತಾರೆ, ಡ್ರಮ್ ಸದ್ದು ಕೇಳಿದ ಕ್ಷಣ ನೂಕುನುಗ್ಗಲು ಶುರು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕಾದ ಊರಿನಲ್ಲಿ ಶೋವನ್ನು ತಡಮಾಡುವಂತೆಯೂ ಇಲ್ಲ. ಹಿಂದಿನ ದಿನವೇ ಊರಿನ ನಾಲ್ಕು ಕಡೆ ಗುರುತು ನೋಡಿ ಕೈಪಟ್ಟಿ ಹಾಕಿಬಿಟ್ಟರೆ ಗೇಟಿನಲ್ಲಿ ಸ್ಕ್ಯಾನ್ ಮತ್ತು ತಪಾಸಣೆ ಮಾತ್ರ ಉಳಿಯುತ್ತದೆ. ಟಿಕೆಟ್ ಮೇಲೆ ಪ್ರವೇಶದ ವೇಳೆಯನ್ನೂ ಮುದ್ರಿಸಿ.

ಸ್ಟ್ಯಾಂಡಿಂಗ್ ವಿಭಾಗದಲ್ಲಿ ಮುಂದಿನ ಜಾಗಕ್ಕೆ ಓಟ ಮತ್ತೆ ಶುರುವಾಗುತ್ತದೆ ಎನ್ನುವುದು ನಿಜ. ಅದಕ್ಕೂ ದಾರಿಯಿದೆ. 2005ರ ಪ್ರವಾಸದಲ್ಲಿ ಯು2 ತಂಡ ವೇದಿಕೆಗೆ ಅಂಟಿದ ಒಳವೃತ್ತಕ್ಕೆ ಯಾರು ಹೋಗಬೇಕೆಂಬುದನ್ನು ಗೇಟಿನಲ್ಲಿ ಟಿಕೆಟ್ ಸ್ಕ್ಯಾನ್ ಮಾಡುವಾಗಲೇ ಯಂತ್ರದಿಂದ ಆರಿಸಿತು. ಬೆಳಗಿನಿಂದ ಬೇಲಿಗೆ ಅಂಟಿಕೊಂಡು ಕೂರುವ ಅಗತ್ಯ ಆಗ ಕಡಿಮೆಯಾಗುತ್ತದೆ.

ಸಾವು ಸಂಭವಿಸಿದ ಮೇಲೆ ಶೋಗಳನ್ನೇ ರದ್ದು ಮಾಡುವುದು ಪರಿಹಾರವಲ್ಲ. ಸಿನ್ಸಿನಾಟಿಯ ನಂತರ ಅಮೆರಿಕದ ಪ್ರಾವಿಡೆನ್ಸ್ ನಗರದ ಮೇಯರ್ ತಮ್ಮಲ್ಲಿನ ದಿ ಹೂ ಶೋವನ್ನು ರದ್ದು ಮಾಡಿದರು. ಅಲ್ಲಿ ಪ್ರತಿ ಟಿಕೆಟ್‌ಗೂ ಸೀಟ್ ನಂಬರ್ ಇತ್ತು, ಅಂದರೆ ಸಿನ್ಸಿನಾಟಿಯ ದೋಷ ಅಲ್ಲಿರಲೇ ಇಲ್ಲ. 2013ರಲ್ಲಿ ತಂಡ ಮತ್ತೆ ಆ ಊರಿಗೆ ಬಂದಾಗ 1979ರ ಟಿಕೆಟ್ ಕಾಪಾಡಿ ಇಟ್ಟುಕೊಂಡವರಿಗೆ ಅದಕ್ಕೇ ಪ್ರವೇಶ ಕೊಟ್ಟರು. ಮೂವತ್ತಮೂರು ವರ್ಷ ಒಂದು ಕಾಗದವನ್ನು ಜೋಪಾನ ಮಾಡಿದ ಜನ ಅವರು. ಕೇಳುಗರೆಂದರೆ ಇಂಥವರೂ ಇರುತ್ತಾರೆ, ದಯವಿಟ್ಟು ನೆನಪಿಡಿ.

ಇನ್ನೊಂದು ಸಂಗತಿಯನ್ನು ಮುಲಾಜಿಲ್ಲದೆ ಹೇಳಬೇಕು. ಚೀಟಿ ಎತ್ತುವುದು ಎಷ್ಟು ಟಿಕೆಟ್‌ಗೆ? ನಿರ್ದಿಷ್ಟ ಬ್ಯಾಂಕ್ ಕಾರ್ಡ್ ಇದ್ದವರಿಗೆ ಮುಂಗಡ ಮಾರಾಟ, ಪ್ರಾಯೋಜಕರ ಪಾಲು, ವಿಐಪಿ ಪ್ಯಾಕೇಜು, ತಂಡದ ಅತಿಥಿಗಳು, ಜತೆಗೆ ಇಲಾಖೆಗಳಿಗೆ, ಜನಪ್ರತಿನಿಧಿಗಳಿಗೆ ಹೋಗುವ ಪಾಸುಗಳು, ಇಷ್ಟೆಲ್ಲ ಕಳೆದು ಉಳಿದದ್ದನ್ನು ಮಾತ್ರ ನ್ಯಾಯವಾಗಿ ಹಂಚಿದರೆ ಅದು ಅರ್ಧ ನ್ಯಾಯ. ಒಟ್ಟು ಜಾಗ ಎಷ್ಟು, ಯಾವ ಲೆಕ್ಕಕ್ಕೆ ಎಷ್ಟು, ಸಾರ್ವಜನಿಕರಿಗೆ ಎಷ್ಟು ಎನ್ನುವ ಪಟ್ಟಿಯನ್ನು ನೋಂದಣಿಗೆ ಮೊದಲೇ ಪ್ರಕಟಿಸಬೇಕೆಂಬುದು ಅನುಮತಿಯ ಷರತ್ತಾಗಲಿ. ಉಚಿತ ಪಾಸುಗಳೂ ಆ ಪಟ್ಟಿಯಲ್ಲಿರಲಿ. ಅನುಮತಿ ಕೊಡುವವರೇ ಪಾಸು ಕೇಳುವ ರೂಢಿ ನಿಂತರೆ ಅದಕ್ಕಿಂತ ದೊಡ್ಡ ಸುಧಾರಣೆ ಇಲ್ಲ.

ಎಲ್ಲ ಕಾನ್ಸರ್ಟ್‌ಗೂ ಇದು ಬೇಡ. ಇಂದಿರಾನಗರದ ಪಬ್ಬಿನಲ್ಲಿ ಇನ್ನೂರು ಜನರ ಮುಂದೆ ನುಡಿಸುವ ನಮ್ಮ ಊರಿನ ತಂಡಕ್ಕೆ ಚೀಟಿ ಎತ್ತುವ ಖರ್ಚು ಹೊರೆ, ಗುರುತಿನ ಚೀಟಿ ಕೇಳಿದರೆ ಬರುವವರೂ ಬರುವುದಿಲ್ಲ. ಹತ್ತು ಸಾವಿರಕ್ಕಿಂತ ಹೆಚ್ಚು ಜಾಗವಿರುವ ಶೋಗಳಿಗೆ ಈ ನಿಯಮ ಸಾಕು. ನೋಂದಣಿ ಮುಗಿದಾಗ ಅರ್ಜಿ ಜಾಗಕ್ಕಿಂತ ಕಡಿಮೆ ಬಂದಿದ್ದರೆ ಎಲ್ಲರಿಗೂ ಕೊಟ್ಟು, ಉಳಿದದ್ದನ್ನು ಮಾಮೂಲಿನಂತೆ ಮಾರಿ.

‘ರಾತ್ರಿಯಿಡೀ ಸಾಲಿನಲ್ಲಿ ನಿಂತವನೇ ನಿಜವಾದ ಅಭಿಮಾನಿ, ಚೀಟಿ ಎತ್ತಿದರೆ ಒಂದೇ ಹಾಡು ಗೊತ್ತಿರುವವರಿಗೂ ಸಿಗುತ್ತದೆ’ ಎಂದು ನಮ್ಮವರೇ ಹೇಳುವುದುಂಟು. ಸಿಗಲಿ. ಎಲ್ಲರೂ ಯಾವತ್ತೋ ಒಂದು ದಿನ ಒಂದೇ ಹಾಡು ಗೊತ್ತಿದ್ದವರೇ. ರಾತ್ರಿಯಿಡೀ ನಿಲ್ಲಲು ಪ್ರೀತಿಯಷ್ಟೇ ಸಾಲದು, ಮರುದಿನ ರಜೆ ಬೇಕು, ಗಟ್ಟಿ ಕಾಲು ಬೇಕು, ಹೆಣ್ಣುಮಕ್ಕಳಿಗೆ ಸುರಕ್ಷಿತ ರಸ್ತೆ ಬೇಕು.

ಮೊದಲ ಹೆಜ್ಜೆಗೆ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಮುಂದಿನ ದೊಡ್ಡ ಶೋಗೆ ಅನುಮತಿ ಕೇಳಿ ಆಯೋಜಕರು ಬಂದಾಗ ಆಯುಕ್ತರ ಕಚೇರಿ ಮೂರು ಕಾಗದ ಕೇಳಲಿ: ಟಿಕೆಟ್ ಹಂಚಿಕೆಯ ಪೂರ್ತಿ ಲೆಕ್ಕ, ಚೀಟಿ ಎತ್ತುವ ವಿಧಾನ, ಗೇಟಿನ ಸಾಲುಗಳ ಸಂಖ್ಯೆ ಮತ್ತು ವೇಳೆ. ಆಯೋಜಕರೇ, ನಿಮ್ಮಲ್ಲಿ ಒಬ್ಬರು ಒಂದೇ ಒಂದು ಶೋಗೆ ಇದನ್ನು ಮಾಡಿ ತೋರಿಸಿ. ನಮಗೆ ಟಿಕೆಟ್ ಸಿಗದಿದ್ದರೂ ಪ್ರಕಟಿಸಿದ ಪಟ್ಟಿಯನ್ನು ಕೂತು ಪರೀಕ್ಷಿಸಿ, ಲೆಕ್ಕ ಸರಿಯಿದ್ದರೆ ಸರಿಯಿದೆ ಎಂದು ಬಹಿರಂಗವಾಗಿಯೇ ಬರೆಯುತ್ತೇವೆ.

ಇಂತಿ,
ಕರ್ನಾಟಕದ ರಾಕ್ ಸಂಗೀತ ಕೇಳುಗರು